ಪೇಜು ಮುಚ್ಚಲಿಲ್ಲವೆಂದು ಹೇಳಿದ ನಾನು

ಇದನ್ನು ಹೇಳಲು ಹೊರಟಾಗಲೆಲ್ಲ ನನಗೆ ಬೇರೇನೋ ತುರ್ತು ಕೆಲಸ ಬಂದುಬಿಡುತ್ತಿತ್ತು. ನಿವೃತ್ತನಿಗೆ ಅಷ್ಟೊಂದು ತುರ್ತು ಎಲ್ಲಿಂದ ಬರುತ್ತದೆಂದು ಹೆಂಡತಿ ಕೇಳಿದ ಮೇಲೆ ಬರೆಯಲು ಕೂತಿದ್ದೇನೆ.

ಹಿರೇಹಳ್ಳಿಯ ಕಾರ್ಖಾನೆ ಬಿಟ್ಟ ಮೇಲೆ ನಾನು ಉಪ್ಪಾರಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದೆ. ಮಂಟಪಕ್ಕೆ ಗುಬ್ಬಿಯ ಹುಡುಗಿಯೊಬ್ಬಳು ವೆಬ್ ಪೇಜ್ ಮಾಡಿಕೊಟ್ಟಿದ್ದಳು. ಬೆಳಿಗ್ಗೆ ಚುರುಕಾಗಿರುವ ಪೇಜು ಸಂಜೆಗೆ ಹೋಳಿಗೆ ಊಟ ಉಂಡವರಂತೆ ಮಲಗಿಬಿಡುತ್ತಿತ್ತು. ಮೆಮೊರಿ ಲೀಕ್ ಅಂದಳು. ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು!

"ಉಂಡೆಲೆ ತೆಗೀದೆ ಮುಂದಿನ ಪಂಕ್ತಿ ಕೂರಿಸ್ದಂಗೆ ಅಂಕಲ್. ಮುಗಿದಿರೋ ಬುಕಿಂಗನ್ನೂ ಪೇಜು ಬಿಡದೆ ಹಿಡ್ಕೊಂಡಿರುತ್ತೆ. ಜಾಗ ತುಂಬೋಗುತ್ತೆ."

ಅವಳು ಏನೋ ತಿದ್ದಿ, ಒಂದು ದಿನ ಪೇಜನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಮುಚ್ಚದೆ ಕೆಲಸ ಮಾಡಿ, ಕೊನೆಗೆ ಮೆಮೊರಿಯ ಅಂಕಿಯ ಫೋಟೋ ಕಳಿಸಿ ಎಂದಳು. ನನ್ನಂಥ ಶಿಸ್ತಿನ ಮನುಷ್ಯನಿಗೆ ಇದೂ ಒಂದು ಪರೀಕ್ಷೆಯೇ!

ಮಧ್ಯಾಹ್ನ ಊಟಕ್ಕೆ ಎದ್ದಾಗ ಕೈ ತಾನಾಗಿ ಮೈನ್ ಸ್ವಿಚ್ ಆಫ್ ಮಾಡಿತು. ಕಾರ್ಖಾನೆಯ ಅಭ್ಯಾಸ. ಬಂದು ಪೇಜನ್ನು ಹೊಸದಾಗಿ ತೆರೆದೆ. ಪಾಪ, ಯಂತ್ರಕ್ಕೂ ವಿಶ್ರಾಂತಿ ಸಿಕ್ಕಿತು ಎಂದುಕೊಂಡೆ.

ಸಂಜೆ ಅವಳ ಫೋನ್. "ಮಧ್ಯ ಒಂದ್ಸಲಾನೂ ಮುಚ್ಲಿಲ್ಲ ತಾನೆ?"

"ಇಲ್ಲ ಕಣಮ್ಮ," ಅಂದೆ. ಬೈಸಿಕೊಳ್ಳುವ ವಯಸ್ಸಲ್ಲ ನೋಡಿ. ಮಧ್ಯಾಹ್ನ ಮುಚ್ಚಿ ತೆರೆದಾಗ ಹಳೇ ಎಲೆಯೆಲ್ಲ ಎತ್ತಿಹೋಗಿತ್ತಲ್ಲ, ಫೋಟೋದಲ್ಲಿ ಅಂಕಿ ಚಿಕ್ಕದಾಗಿತ್ತು. ಲೀಕ್ ನಿಂತಿದೆ ಎಂದು ಅವಳು ಹಿಗ್ಗಿದಳು. ಅರ್ಧ ಹೆಗ್ಗಳಿಕೆ ನಾನೂ ತೆಗೆದುಕೊಂಡೆ!

ಲಗ್ನದ ಕಾಲ ಬಂತು. ಊಟಕ್ಕೆ ಏಳಲೂ ಬಿಡುವಿಲ್ಲದ ಒಂದು ದಿನ, ಕುಣಿಗಲ್ಲಿನವರ ಬುಕಿಂಗ್ ಒತ್ತುತ್ತಿದ್ದಂತೆ ಪೇಜು ನಿಂತೇ ಹೋಯಿತು. ಅದು ದಾಖಲಾಗಿದೆಯೆಂದು ನಂಬಿ, ಹೋಗಿ ಲಗ್ನಪತ್ರಿಕೆ ಹೊಡೆಸಿ ಎಂದು ಅವರನ್ನು ಕಳಿಸಿದೆ. ದಾಖಲಾಗಿರಲಿಲ್ಲ. ಅದೇ ದಿನವನ್ನು ಕಡಬದವರು ತಮ್ಮ ಮೊಬೈಲಿನಲ್ಲೇ ಹಿಡಿದುಬಿಟ್ಟರು. ಒಂದು ಮಂಟಪ, ಒಂದು ಮುಹೂರ್ತ, ಎರಡು ಮದುವೆ!

ಮಂಟಪದ ಸಮಿತಿಯವರು ಹುಡುಗಿಯನ್ನು ಕರೆಸಿದರು. ನಮ್ಮ ಮಾತಿನ ಮೇಲೆ ಇನ್ನೆರಡು ಮಂಟಪದವರು ಅವಳಿಗೆ ಕೆಲಸ ಕೊಡುವವರಿದ್ದರು.

"ಟೆಸ್ಟ್ ಮಾಡ್ಸಿದೀನಿ ಸರ್. ಬೇಕಾದ್ರೆ ಅಂಕಲ್‌ನ ಕೇಳಿ," ಎಂದು ಅವಳು ನನ್ನತ್ತ ನೋಡಿದಳು. ಎಲ್ಲರೂ ನೋಡಿದರು.

"ಅವ್ಳು ಹೇಳ್ದಂಗೇ ಮಾಡಿದೀನಪ್ಪ ನಾನು," ಅಂದೆ.

ಅವಳಿಗೆ ನಮ್ಮ ಮಂಟಪದ ಕೆಲಸವೂ ಹೋಯಿತು, ಆ ಎರಡು ಮಂಟಪದವೂ ಹೋದವು. ಗೇಟಿನ ಬಳಿ ಅವಳು ನನಗಾಗಿ ಕಾದಿದ್ದಳು. ಸಿಕ್ಕಿಬಿದ್ದೆ ಎಂದುಕೊಂಡೆ.

"ಸಾರಿ ಅಂಕಲ್. ನನ್ನಿಂದ ನಿಮಗೂ ಮಾತು ಬಂತು."

"ಹೋಗ್ಲಿ ಬುಡಮ್ಮ," ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ!

ಕ್ಷಮೆ ಕೇಳಬೇಕಾದವನ ಬಾಯಿಂದ ಬಂದದ್ದು ಅಷ್ಟೇ. ಆ ಹುಡುಗಿಯ ಹೆಸರು ಲಾವಣ್ಯ.