ಸೈಲಾಸ್ ಪಿಲ್ಬೀಮನ ನಿಧಾನದ ಚೆಂಡು

ವನಮಾಲಾ ಒಣಗಲು ಹಾಕಿದ್ದ ಸಂಡಿಗೆಗೆ ಪಾರಿವಾಳಗಳು ಬಾಯಿ ಹಾಕಿದ್ದೇ ಎಲ್ಲದಕ್ಕೂ ಮೂಲ. ಭಾನುವಾರ ಬೆಳಿಗ್ಗೆ ಗಂಡ ಪುಂಡರೀಕಾಕ್ಷರು ಕ್ಯಾನ್‌ವಾಸ್ ಶೂ ಏರಿಸಿ ಹೊರಟದ್ದನ್ನು ಕಂಡು ಆಕೆ ಬಾಗಿಲಿಗೆ ಅಡ್ಡ ನಿಂತಳು.

"ಬಾಲ್ಕನಿಗೆ ಬಲೆ ಕಟ್ಟದೆ ಕೆಳಗೆ ಇಳಿಯುವುದು ಬೇಡ. ತಂದಿಟ್ಟು ತಿಂಗಳಾಯಿತು ಮಾರಾಯ್ರೆ."

ಪುಂಡರೀಕಾಕ್ಷರು ಸ್ಟೂಲ್ ಹತ್ತಿದರು. ಅವಸರದಲ್ಲಿ ತಮ್ಮ ಪ್ಯಾಂಟಿನ ಲಾಡಿಯನ್ನೂ ಸೇರಿಸಿ ಗಂಟು ಹಾಕಿ, ಬಿಡಿಸಿಕೊಳ್ಳಲು ಒದ್ದಾಡಿ, ಅಂತೂ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ ಓಡಿದರು.

ಓಡದೆ ಏನು ಮಾಡುತ್ತಾರೆ? ಮುಂಬಯಿ ಹತ್ತಿರದ ಕೋಪರಿಯ ಅವರ ಹೌಸಿಂಗ್ ಸೊಸೈಟಿಯಲ್ಲಿ ಅಂದು ಎ ವಿಂಗ್, ಬಿ ವಿಂಗ್ ನಡುವೆ ಅಂಡರ್‌ಆರ್ಮ್ ಕ್ರಿಕೆಟ್ ಫೈನಲ್. ವರ್ಷಗಟ್ಟಲೆ ಪೆನ್ಸಿಲ್ ಹಿಡಿದು ಸ್ಕೋರ್ ಬರೆದ ಈ ಮನುಷ್ಯನಿಗೆ ಮೊದಲ ಸಲ ಆಡಲು ಕರೆ ಬಂದಿತ್ತು. ಎ ವಿಂಗ್ ಕ್ಯಾಪ್ಟನ್ ರಿತೇಶ್ ಫೋನಿನಲ್ಲಿ ಹೇಳಿದ್ದ: "ಅಂಕಲ್, ಮೆಗಾಬ್ಲಾಕ್ ಹೈ. ಮುರಾರಿ ಶಹಾಡ್ ಮೆ ಅಟಕ್ ಗಯಾ. ಆಪ್ ಆವೊ. ಜೀತೇ ತೋ ಪರ್ಮನೆಂಟ್ ಪ್ಲೇಯರ್, ನಹೀ ತೋ ವಾಪಸ್ ಪೆನ್ಸಿಲ್." ಹಳಿ ರಿಪೇರಿಗೆಂದು ರೈಲು ನಿಲ್ಲಿಸಿದ್ದರಿಂದ ತಂಡದ ಮುರಾರಿ ಶಹಾಡ್ ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದಿದ್ದ; ಗೆದ್ದರೆ ಪುಂಡರೀಕಾಕ್ಷರು ಕಾಯಂ ಆಟಗಾರ, ಇಲ್ಲವಾದರೆ ಮತ್ತೆ ಪೆನ್ಸಿಲ್.

ಪುಂಡರೀಕಾಕ್ಷರ ದೇವರು ಸೈಲಾಸ್ ಪಿಲ್ಬೀಮ್. ವಿಕ್ಟೋರಿಯಾ ರಾಣಿಯ ಕಾಲದ ಬೌಲರ್, ಕಸುಬಿನಲ್ಲಿ ಚಮ್ಮಾರ. ಎಲ್ಲರೂ ಕೈ ಮೇಲೆತ್ತಿ ರಭಸದಿಂದ ಎಸೆಯಲು ಕಲಿತರೂ ಅವನು ಮಾತ್ರ ಸೊಂಟದ ಕೆಳಗಿನಿಂದಲೇ ನಿಧಾನವಾಗಿ, ಎತ್ತರಕ್ಕೆ ಚೆಂಡು ತೂರುತ್ತಿದ್ದ. ಜನ ಅಜ್ಜಿ ಎಂದು ನಕ್ಕರು. ಅಜ್ಜಿಯ ಚೆಂಡಿಗೆ ಆಸೆಪಟ್ಟು ದೊಡ್ಡ ದೊಡ್ಡ ಧಣಿಗಳು ಬ್ಯಾಟ್ ಬೀಸಿದರು, ಕ್ಯಾಚ್ ಕೊಟ್ಟು ತಲೆತಗ್ಗಿಸಿ ನಡೆದರು. ಕಣ್ಣು ಮಂಜಾದ ಮೇಲೂ ಊರ ಮಕ್ಕಳಿಗೆ ಎಸೆಯುತ್ತಿದ್ದನಂತೆ, ಪುಣ್ಯಾತ್ಮ. ಇಷ್ಟನ್ನೂ ಪುಂಡರೀಕಾಕ್ಷರು ಲೋಕಲ್ ಟ್ರೇನಿನಲ್ಲಿ ಹೇಳುವಾಗ ನಿಂತವರೂ ಕೇಳುತ್ತಾರೆ. ಗರ್ದಿಯಲ್ಲಿ ಬೇರೆ ಕಡೆ ಹೋಗಲು ಜಾಗವಿಲ್ಲ, ಅದು ಬೇರೆ ಮಾತು.

ಸೊಸೈಟಿಯ ನಿಯಮ ಸರಳ. ಚೆಂಡು ಹಾರಿ ಯಾರದಾದರೂ ಮನೆಯೊಳಗೋ ಬಾಲ್ಕನಿಯೊಳಗೋ ಹೋದರೆ ಬ್ಯಾಟ್ಸ್‌ಮನ್ ಔಟ್. ಕಟ್ಟಡಕ್ಕೆ ತಾಗಿ ಹೊರಗೇ ಬಿದ್ದರೆ ನಾಲ್ಕು ರನ್.

ಉಳಿದವರ ಸರದಿಯೆಲ್ಲ ಮುಗಿದು ಕೊನೆಯ ಓವರ್ ಪುಂಡರೀಕಾಕ್ಷರ ಪಾಲಿಗೆ ಬಂತು. ಬಿ ವಿಂಗಿಗೆ ಬೇಕಾದದ್ದು ನಾಲ್ಕೇ ರನ್, ವಿಕೆಟ್ ಮೂರು ಉಳಿದಿದ್ದವು. ರಿತೇಶ್ ಹಣೆ ಒತ್ತಿಕೊಂಡ.

ಮೊದಲ ಚೆಂಡು ಎಷ್ಟು ನಿಧಾನ ಬಂತೆಂದರೆ ಬ್ಯಾಟ್ಸ್‌ಮನ್‌ಗೆ ನಗು ತಡೆಯಲಾಗಲಿಲ್ಲ. ಬೀಸಿದ. ಚೆಂಡು ಎರಡನೇ ಮಾಳಿಗೆಯ ಹಾಲ್‌ಗೆ ಹೋಯಿತು, ಔಟ್. ಮುಂದಿನವನದು ಒಂದು ಅಡುಗೆಮನೆಯ ಸಾಂಬಾರಿಗೆ ಬಿತ್ತು, ಅವನೂ ಔಟ್.

ಕೊನೆಗೆ ಬಂದವರು ಬಿ ವಿಂಗಿನ ಜಯಶೀಲಣ್ಣ, ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟವರು. ದಿನವೂ ಚಹಾದ ಜೊತೆ ಪಿಲ್ಬೀಮನ ಕತೆ ಕೇಳಿದವರು.

"ನಿಮ್ಮ ಆ ಅಜ್ಜಿಯ ಕಥೆ ನನಗೆ ಗೊತ್ತುಂಟು. ನಾನು ಹೊಡೆಯುವುದಿಲ್ಲ," ಎಂದರು. ಒಂದೊಂದೇ ಚೆಂಡನ್ನು ಮೆತ್ತಗೆ ತಡೆದು ನಿಲ್ಲಿಸಿದರು.

ಉಳಿದದ್ದು ಒಂದೇ ಚೆಂಡು, ಬೇಕಾದದ್ದು ಇನ್ನೂ ನಾಲ್ಕು. ಪುಂಡರೀಕಾಕ್ಷರು ಕಣ್ಣು ಮುಚ್ಚಿ ಪಿಲ್ಬೀಮನನ್ನು ನೆನೆದರು. ಕೈಯಿಂದ ಹೊರಟ ಚೆಂಡು ಮೇಲೇರಿತು, ಗಾಳಿಯಲ್ಲಿ ನಿಂತಂತಾಯಿತು, ಆಮೇಲೆ ಸಾವಕಾಶ ಇಳಿಯಿತು. ಸುಳ್ಳು ಯಾಕೆ ಹೇಳಬೇಕು, ಅಂಥ ಚಂದದ ಚೆಂಡನ್ನು ಕೋಪರಿ ಕಂಡಿರಲಿಲ್ಲ. ಜಯಶೀಲಣ್ಣನ ಕೈ ಅವರ ಮಾತು ಕೇಳಲಿಲ್ಲ. ಬೀಸಿಯೇ ಬಿಟ್ಟರು.

ಚೆಂಡು ನೇರ ಮೂರನೇ ಮಾಳಿಗೆಯ ಬಾಲ್ಕನಿಗೆ ಹಾರಿತು. ಔಟ್ ಎಂದು ಎ ವಿಂಗ್ ಕುಣಿಯಿತು. ರಿತೇಶ್ ಪುಂಡರೀಕಾಕ್ಷರನ್ನು ಎತ್ತಿಕೊಂಡ. ಎತ್ತರದಿಂದ ನೋಡಿದಾಗಲೇ ಅವರಿಗೆ ಅದು ಯಾರ ಬಾಲ್ಕನಿ ಎಂದು ತಿಳಿದದ್ದು.

ಹೊಸ ಬಲೆ ಚೆಂಡನ್ನು ಒಂದು ಗಳಿಗೆ ಒಳಕ್ಕೆ ಎಳೆದುಕೊಂಡು, ಬೇಡವೆಂದು ವಾಪಸ್ ಕಳಿಸಿತು. ಅದು ಅಂಗಳದಲ್ಲಿ ಬಿತ್ತು. ನಾಲ್ಕು ರನ್. ಬಿ ವಿಂಗ್ ಗೆದ್ದಿತು.

ರಿತೇಶ್ ಅವರನ್ನು ಕೆಳಗಿಳಿಸಿದ. ಜಯಶೀಲಣ್ಣ ಓಡಿಬಂದು ಕೈ ಹಿಡಿದುಕೊಂಡು, "ಎಂಥ ಚೆಂಡು ಮಾರಾಯ್ರೆ. ಎದುರಿಗೆ ನಿಂತದ್ದೇ ನನ್ನ ಭಾಗ್ಯ," ಎಂದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ರಿತೇಶ್ ಜೇಬಿನಿಂದ ಪೆನ್ಸಿಲ್ ತೆಗೆದು ಪುಂಡರೀಕಾಕ್ಷರಿಗೆ ಕೊಟ್ಟ.

ಅಷ್ಟರಲ್ಲಿ ಮೇಲಿನಿಂದ, ಬಲೆಯ ಹಿಂದೆ ನಿಂತ ವನಮಾಲಾಳ ಸ್ವರ ಕೇಳಿಸಿತು.

"ಹೋಯ್, ಭಾರೀ ಲಾಯ್ಕ ಕಟ್ಟಿದ್ದೀರಿ. ಚೆಂಡೇ ಒಳಗೆ ಬರಲಿಲ್ಲ, ಇನ್ನು ಪಾರಿವಾಳ ಬರ್ತದಾ?"