ಅತ್ತೆಯವರು ಕಂಡ ಅತಿವಾಹಕ

ನಾನು ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. 'ಹೇಳುವವನು' ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಏಕೆಂದರೆ ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ನಾನೇ ಕಣ್ಣಾರೆ ಕಂಡಿಲ್ಲ!

ಉದಾಹರಣೆಗೆ, ಅತಿವಾಹಕ. ಕೆಲವು ವಸ್ತುಗಳನ್ನು ವಿಪರೀತ ತಂಪು ಮಾಡಿದರೆ ಅವು ವಿದ್ಯುತ್ತಿಗೆ ಒಡ್ಡುವ ತಡೆಯನ್ನೇ ಬಿಟ್ಟುಬಿಡುತ್ತವೆ. ಆಗ ಅವುಗಳ ಮೇಲೆ ಒಂದು ಅಯಸ್ಕಾಂತವನ್ನು ಹಿಡಿದು ಬಿಟ್ಟರೆ ಅದು ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಲ್ಲುತ್ತದೆ. ಪ್ರತಿ ವರ್ಷ ಇದನ್ನು ಬೋರ್ಡಿನ ಮೇಲೆ ಬಣ್ಣದ ಚಾಕಿನಲ್ಲಿ ತೇಲಿಸುತ್ತೇನೆ. ಪ್ರತಿ ವರ್ಷ ಯಾರಾದರೊಬ್ಬರು ಎದ್ದು ಕೇಳುತ್ತಾರೆ: "ಸರ್, ನೀವು ನೋಡೀರೇನ್ರಿ?"

"ಇದು ಪರೀಕ್ಷಾಕ್ಕ ಬರೂದಿಲ್ಲ. ಮುಂದಿನ ಪುಟ ತೆಗೀರಿ" ಎನ್ನುತ್ತೇನೆ.

ನಿವೃತ್ತಿ ಹತ್ತಿರ ಬಂದಂತೆ ಈ ಪ್ರಶ್ನೆ ಮುಳ್ಳಿನಂತೆ ಚುಚ್ಚತೊಡಗಿತು. ಈ ವರ್ಷದ್ದೇ ಕೊನೆಯ ತರಗತಿ. ಸೋಮವಾರ ಆ ಪಾಠ. ಒಂದೇ ಒಂದು ಸಲ "ಹೂಂ, ನೋಡೀನಿ" ಎಂದು ಎದೆಯುಬ್ಬಿಸಿ ಹೇಳಿ ಮನೆಗೆ ಹೋಗಬೇಕು, ಅಷ್ಟೇ ನನ್ನ ಆಸೆ. ಪುಣ್ಯಕ್ಕೆ, ದೂರದ ಊರಿನಲ್ಲಿ ಸಂಶೋಧನೆ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆಂದು ಇಳಕಲ್ಲಿಗೆ ಬಂದಿದ್ದಳು. ಬಿಲ್ಲೆಯಂಥ ಕಪ್ಪು ಅತಿವಾಹಕವನ್ನೂ ಒಂದು ಪುಟ್ಟ ಅಯಸ್ಕಾಂತವನ್ನೂ ನನ್ನ ಕೈಗಿಟ್ಟು, "ರವಿವಾರ ಸಂಜೀಕ ವಾಪಸ್ ಬೇಕ್ರಿ ಸರ್, ರಾತ್ರಿ ಗಾಡಿಗೆ ಹೊಂಟೇನಿ" ಎಂದಳು.

ಇನ್ನು ಬೇಕಾದದ್ದು ದ್ರವ ನೈಟ್ರೋಜನ್. ಬಾಗಲಕೋಟೆಯಲ್ಲಿ ಅದೆಲ್ಲಿ ಸಿಗಬೇಕು ಎಂದು ನೀವು ಕೇಳಬಹುದು. ನನ್ನ ಹೆಂಡತಿಯ ತಮ್ಮ ಈರಣ್ಣ ಶಿರೂರಿನ ಸುತ್ತಮುತ್ತ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವವನು. ಹೋರಿ, ಕೋಣಗಳ ವೀರ್ಯವನ್ನು ಕೆಡದಂತೆ ಇಡುವುದು ಇದೇ ನೈಟ್ರೋಜನ್ನಿನಲ್ಲಿ. ಅವನ ಮೋಟರ್ ಸೈಕಲ್ಲಿನ ಹಿಂದೆ ಅದರ ಕ್ಯಾನು ಯಾವಾಗಲೂ ಕಟ್ಟಿಯೇ ಇರುತ್ತದೆ.

"ಎಮ್ಮಿಗಂತ ಇಟ್ಟದ್ದು ಮಾಮಾ, ನಿಮಗ ಕೊಡಾಕ್ಹತ್ತೀನಿ" ಎಂದು ರವಿವಾರ ಮಧ್ಯಾಹ್ನ ಕ್ಯಾನು ಹೊತ್ತು ಬಂದವನು ಒಂದು ಫ್ಲಾಸ್ಕಿನ ತುಂಬ ಬಗ್ಗಿಸಿಕೊಟ್ಟ. "ಬಾಯಿ ಬಿಗಿ ಮಾಡಬ್ಯಾಡ್ರಿ ಮತ್ತ. ಮುಚ್ಚಳ ಸುಮ್ನ ಮ್ಯಾಲಿಡ್ರಿ, ಆವಿ ಹೊರಗ ಹೋಗಲಿ."

"ನನಗ ಹೇಳತೀಯೇನೋ! ಭೌತಶಾಸ್ತ್ರ ನಾ ಹೇಳತೇನಿ" ಎಂದೆ. ಅವನು ನಕ್ಕು ಹೊರಟುಹೋದ.

ಇಷ್ಟು ದೊಡ್ಡ ಘಟನೆಯನ್ನು ಒಬ್ಬನೇ ನೋಡುವುದು ಸರಿಯಲ್ಲ ಎಂದು ಓಣಿಯವರನ್ನೂ ಕರೆದಿದ್ದೆ. ಅದೇ ನನ್ನ ಮೊದಲ ತಪ್ಪು. ನಾಲ್ಕು ಜನ ಬರಬಹುದೆಂದುಕೊಂಡಿದ್ದೆ. ಅಂಗಳ ತುಂಬಿತು! ನನ್ನ ವಿಜ್ಞಾನದ ಮೇಲೆ ಇವರಿಗೆ ಇಷ್ಟು ಪ್ರೀತಿಯೇ ಎಂದು ಕಣ್ಣು ತುಂಬಿ ಬರುವಷ್ಟರಲ್ಲಿ, ಪಕ್ಕದ ಮನೆಯ ಬಸಪ್ಪನವರು ಹಿತ್ತಲಿನ ಕಡೆ ಇಣುಕುತ್ತ ಕೇಳಿದರು: "ಎಲ್ಲೈತ್ರಿ ಸರ್?"

"ಯಾವುದ್ರಿ?"

"ಎಮ್ಮಿ! ಈರಣ್ಣ ಕ್ಯಾನು ತಂದದ್ದು ನೋಡಿದ್ವಿ. ಯಾವ ಜಾತಿದ್ರಿ, ಜಾಫರಾಬಾದಿಯೋ ಮುರ್ರಾನೋ?"

ಎಮ್ಮೆ ಇಲ್ಲ, ಅಯಸ್ಕಾಂತ ಮಾತ್ರ ಎಂದು ತಿಳಿದಾಗ ಅವರ ಮುಖ ಸಣ್ಣದಾಯಿತು. ಆದರೂ ಬಂದವರು ಹೋಗಲಿಲ್ಲ. ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಶಾಂತಾ, ಉಪ್ಪಿಟ್ಟು ಆಮ್ಯಾಲೆ! ಮೊದಲು ಪ್ರಯೋಗ. ನೈಟ್ರೋಜನ್ ಆವಿಯಾಗಿ ಹೋಗತೈತಿ" ಎಂದು ಹೆಂಡತಿಗೆ ಕೂಗಿ ಹೇಳಿದೆ.

"ಬಂದ ಮಂದೀನ್ನ ಖಾಲಿ ಹೊಟ್ಟಿಲೆ ಕೂಡಿಸಿ ಆಟ ತೋರಸ್ತೀರೇನ್ರಿ? ಮರ್ಯಾದಿ ಅನ್ನೂದು ಐತೋ ಇಲ್ಲೋ?"

ತಟ್ಟೆಗಳು ಬಂದವು. ಉಪ್ಪಿಟ್ಟಾದ ಮೇಲೆ ಶಿರಾ. ಶಿರಾ ಆದ ಮೇಲೆ "ಇನ್ನಷ್ಟು ಹಾಕ್ಕೊರಿ", "ಸಾಕ್ರಿ", "ಹೆಂಗ ಸಾಕಾಗತೈತ್ರಿ" ಎಂಬ ಹಗ್ಗಜಗ್ಗಾಟ. ನಂತರ ಚಹಾ. ಹೆಣ್ಣುಮಕ್ಕಳಿಗೆ ಅರಿಷಿಣ ಕುಂಕುಮ. ನಾನು ಒಳಕೋಣೆಯಲ್ಲಿ ಫ್ಲಾಸ್ಕಿನ ಪಕ್ಕ ಕುಳಿತು ಬಿಳಿ ಹೊಗೆ ಮೇಲೇಳುವುದನ್ನೇ ನೋಡುತ್ತಿದ್ದೆ. ನನ್ನ ಕನಸು ನನ್ನ ಕಣ್ಣೆದುರೇ ಹೊಗೆಯಾಗಿ ಹೋಗುತ್ತಿತ್ತು. ತಡೆಯಲಾರದೆ ಎದ್ದು, ಬೇಗ ಮುಗಿಸಿರೆಂದು ಹೇಳಲು ಪಡಸಾಲೆಗೆ ಹೋದೆ.

ಇದು ಎರಡನೆಯ ತಪ್ಪು. ಶಿರೂರಿನಿಂದ ಮಗಳ ಮನೆಗೆ ಬಂದಿದ್ದ ನಮ್ಮ ಅತ್ತೆಯವರು ಆ ಹೊತ್ತಿಗೆ ಒಳಕೋಣೆಗೆ ಬಂದರು. ಹೊಗೆಯಾಡುವ ಫ್ಲಾಸ್ಕು, ಮೇಲೆ ಸುಮ್ಮನೆ ಇಟ್ಟ ಮುಚ್ಚಳ! ಬಿಸಿ ಪದಾರ್ಥವನ್ನು ಹೀಗೆ ತೆರೆದಿಟ್ಟ ಅಳಿಯನ ಅವ್ಯವಸ್ಥೆಗೆ ಮರುಗಿ, ಮುಚ್ಚಳವನ್ನು ತಿರುಗಿಸಿ ತಿರುಗಿಸಿ ಬಿಗಿ ಮಾಡಿ, ಮೇಲೊಂದು ಅರಿವೆ ಕಟ್ಟಿ ಬಂದರು.

"ಅಳಿಯಾರ, ನಿಮ್ಮ ಚಾ ಆರಿ ತಣ್ಣಗಾಗಾಕ್ಹತ್ತಿತ್ತು. ಬಿಗಿ ಮಾಡಿ ಇಟ್ಟೇನಿ ನೋಡ್ರಿ."

"ಅಯ್ಯೋ ಅತ್ತೀ!" ಎಂದು ನಾನು ಬಾಯಿ ತೆರೆಯುವುದಕ್ಕೂ ಒಳಗಿನಿಂದ ಢಬ್ ಎಂಬ ಸದ್ದು ಬರುವುದಕ್ಕೂ ಸರಿಹೋಯಿತು. ಮುಚ್ಚಳ ಹಾರಿ ಫ್ಯಾನಿಗೆ ಬಡಿದು, ಫ್ಯಾನಿನಿಂದ ಅಟ್ಟದ ಹಿತ್ತಾಳೆ ಕೊಡಕ್ಕೆ ಬಡಿದು ಮಂಗಳವಾದ್ಯ ನುಡಿಸಿತು. ಫ್ಲಾಸ್ಕು ಉರುಳಿ ನೆಲದ ಮೇಲೆಲ್ಲ ಬಿಳಿ ಮೋಡ ಹರಿಯಿತು. ದೇವರ ದಯೆಯಿಂದ ಕೋಣೆಯಲ್ಲಿ ಯಾರೂ ಇರಲಿಲ್ಲ. ಬಸಪ್ಪನವರು ಮಾತ್ರ ಉಪ್ಪಿಟ್ಟಿನ ತಟ್ಟೆ ಸಮೇತ ಬೀದಿಗೆ ಓಡಿದರು.

ಕಿಟಕಿ ಬಾಗಿಲು ತೆರೆದು, ಮೋಡ ಕರಗಿದ ಮೇಲೆ ಫ್ಲಾಸ್ಕನ್ನು ಎತ್ತಿ ಅಲುಗಿಸಿದೆ. ತಳದಲ್ಲಿ ಒಂದು ಬಟ್ಟಲಿನಷ್ಟು ಉಳಿದಿತ್ತು! ಬದುಕಿದೆಯಾ ಬಡಜೀವ ಎಂದುಕೊಂಡೆ. ಒಂದೇ ಅವಕಾಶ. ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದೆ. ಕಪ್ಪು ಬಿಲ್ಲೆಯನ್ನು ಥರ್ಮೊಕೋಲಿನ ಬಟ್ಟಲಲ್ಲಿ ಇಟ್ಟೆ. ಬಿಲ್ಲೆ ತಣ್ಣಗಾಗುವಾಗ ಅಯಸ್ಕಾಂತ ಎಷ್ಟು ಎತ್ತರದಲ್ಲಿರುತ್ತದೋ, ಅದೇ ಎತ್ತರವನ್ನು ಬಿಲ್ಲೆ ನೆನಪಿಟ್ಟುಕೊಳ್ಳುತ್ತದೆ. ಹತ್ತಿರಕ್ಕೂ ಬಿಡುವುದಿಲ್ಲ, ದೂರಕ್ಕೂ ಬಿಡುವುದಿಲ್ಲ. ಹಾಗಾಗಿ ಇವೆರಡರ ನಡುವೆ ಒಂದಷ್ಟು ದಪ್ಪದ ಏನಾದರೂ ಇಡಬೇಕು, ಆಮೇಲೆ ಎಳೆದು ತೆಗೆಯಬೇಕು. ಕಟ್ಟಿಗೆಯ ತುಂಡೊಂದನ್ನು ಸಿದ್ಧ ಮಾಡಿಟ್ಟಿದ್ದೆ. ಈ ಗದ್ದಲದಲ್ಲಿ ಅದು ಎಲ್ಲಿ ಹೋಯಿತೋ! ಅಡುಗೆಮನೆಗೆ ಓಡಿದವನ ಕೈಗೆ ಸಿಕ್ಕಿದ್ದು ಖಡಕ್ ಜೋಳದ ರೊಟ್ಟಿ. ಎರಡು ಪದರ ಮುರಿದು ಬಿಲ್ಲೆಯ ಮೇಲಿಟ್ಟು, ಅದರ ಮೇಲೆ ಅಯಸ್ಕಾಂತ ಇಟ್ಟೆ. ರೊಟ್ಟಿಯ ಒಂದು ತುದಿ ಬಟ್ಟಲಿನ ಹೊರಗೆ ಚಾಚಿತ್ತು.

"ಏನ್ರಿ ಇದು, ಉಣ್ಣೂ ರೊಟ್ಟಿ!" ಎಂದು ಅತ್ತೆಯವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಸ್ವಲ್ಪ ಹೊತ್ತು ಸುಮ್ನಿರ್ರಿ ಅತ್ತೀ" ಎಂದು ಉಳಿದ ನೈಟ್ರೋಜನ್ನನ್ನೆಲ್ಲ ಸುರಿದೆ. ಬಟ್ಟಲು ಕೊತಕೊತ ಕುದಿಯಿತು. ನಾನು ಮೂಗು ತಾಗುವಷ್ಟು ಬಗ್ಗಿದೆ. ಜೀವನದ ಆ ಕ್ಷಣವನ್ನು ಎರಡು ಕಣ್ಣುಗಳಿಂದ ಹೀರಿಕೊಳ್ಳಲು ಸಿದ್ಧನಾದೆ. ಕುದಿತ ನಿಂತಿತು. ಅದೇ ಹೊತ್ತಿಗೆ ಆ ತಣ್ಣನೆಯ ಹೊಗೆಗೆ ನನ್ನ ಕನ್ನಡಕ ಪೂರ್ತಿ ಮಂಜಾಯಿತು!

ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದೆ. ಕನ್ನಡಕವಿಲ್ಲದಿದ್ದರೆ ನನಗೆ ಹೆಂಡತಿಯೂ ಬಾಗಿಲೂ ಒಂದೇ. ಒರೆಸಿ ಹಾಕಿಕೊಂಡೆ, ಮತ್ತೆ ಮಂಜು. ಮತ್ತೆ ತೆಗೆದೆ. ಆಗ ಅತ್ತೆಯವರ ಸಹನೆ ಮುಗಿಯಿತು.

"ಅನ್ನ ಅಂದ್ರ ದೇವ್ರು. ಅದರ ಮ್ಯಾಲೆ ಕಬ್ಬಿಣ ಹೇರತಾರೇನ್ರಿ?" ಎನ್ನುತ್ತ ಹೊರಗೆ ಚಾಚಿದ್ದ ತುದಿಯನ್ನು ಹಿಡಿದು ರೊಟ್ಟಿಯನ್ನು ಸರ್‍ರನೆ ಎಳೆದರು.

"ಅಬ್ಬಬ್ಬಬ್ಬಾ!" ಎಂದು ಇಡೀ ಮನೆ ಕೂಗಿತು. ಮುಂದಕ್ಕೆ ನುಗ್ಗಿದ ಜನರ ಮೊಣಕೈ ತಾಗಿ ಕನ್ನಡಕ ನನ್ನ ಕೈಯಿಂದ ಜಾರಿ ಮೇಜಿನ ಕೆಳಗೆ ಹೋಯಿತು. ನಾನು ಅದರ ಹಿಂದೆ ಹೋದೆ. ಮೇಲೆ ಚಪ್ಪಾಳೆ, ಉದ್ಗಾರ, ಶಾಂತಾಳ ನಗು. ಕೆಳಗೆ ನಾನು, ಯಾರದೋ ಚಪ್ಪಲಿ, ಅರ್ಧ ಒಣಗಿದ ಶಿರಾ. ಕನ್ನಡಕ ಹುಡುಕಿ, ಹಾಕಿಕೊಂಡು, ಎದ್ದು ನೋಡುವಷ್ಟರಲ್ಲಿ ಅಯಸ್ಕಾಂತ ಬಿಲ್ಲೆಯ ಮೇಲೆ ತೆಪ್ಪಗೆ ಕುಳಿತಿತ್ತು. ಬಟ್ಟಲು ಒಣಗಿತ್ತು.

"ವಿಡಿಯೋ ಮಾಡೀನ್ರಿ ಸರ್, ಚಿಂತಿ ಬ್ಯಾಡ!" ಎಂದರು ಮೋಡ ಕರಗುತ್ತಲೇ ಮರಳಿ ಬಂದಿದ್ದ ಬಸಪ್ಪನವರು. ನೋಡಿದೆ. ಮೊದಲಿಂದ ಕೊನೆಯವರೆಗೆ ನನ್ನ ಬೋಳು ತಲೆ. ಅದು ಮೇಜಿನ ಕೆಳಗೆ ಇಳಿದ ಮೇಲೆ ಅವರ ಹೆಬ್ಬೆರಳು!

ಸಂಜೆ ಬಿಲ್ಲೆಯನ್ನೂ ಅಯಸ್ಕಾಂತವನ್ನೂ ಹಳೆಯ ವಿದ್ಯಾರ್ಥಿನಿ ಬಂದು ಒಯ್ದಳು. ನಾನು ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕುಳಿತಿದ್ದೆ. ನಿಜ ಹೇಳುತ್ತೇನೆ, ಅಳು ಬಂದಿತ್ತು. ಇಷ್ಟು ವರ್ಷ ಪುಸ್ತಕದಲ್ಲಿ ಇದ್ದದ್ದನ್ನು ಬೋರ್ಡಿಗೆ, ಬೋರ್ಡಿನಲ್ಲಿ ಇದ್ದದ್ದನ್ನು ಮಕ್ಕಳ ನೋಟ್ಸಿಗೆ ದಾಟಿಸಿದವನು ನಾನು. ನಡುವೆ ಒಂದು ಸಲವೂ ನಿಂತು ಆ ವಸ್ತುವನ್ನೇ ನೋಡಲಿಲ್ಲವಲ್ಲ ಎನಿಸಿತು. ಅತ್ತೆಯವರು ಬಂದು ಪಕ್ಕದಲ್ಲಿ ಕುಳಿತರು.

"ಖರೇನ ನೋಡ್ಲಿಲ್ಲೇನ್ರಿ ಅಳಿಯಾರ?"

"ಇಲ್ರಿ."

"ಭಾಳ ಚಂದಿತ್ತು. ಬೀಳಲಿಲ್ಲ, ಹಾರಲಿಲ್ಲ. ರೊಟ್ಟಿ ಇದ್ದಷ್ಟು ಜಾಗಾ ಹಂಗ ಬಿಟ್ಟು ನಿಂತಿತ್ತು ನೋಡ್ರಿ. ರೊಟ್ಟಿ ಚೂರಿಲೆ ಹಿಂಗ ತಟ್ಟಿದೆ, ಬುಗುರಿ ತಿರುಗಿದಂಗ ತಿರುಗಿತು. ಸಪ್ಪಳ ಇಲ್ಲ ಏನಿಲ್ಲ. ನನಗ ಮೈಯೆಲ್ಲ ಝುಂ ಅಂತು."

ಮರುದಿನ ತರಗತಿಯಲ್ಲಿ ಬಣ್ಣದ ಚಾಕಿನಲ್ಲಿ ಚಿತ್ರ ಬರೆದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ನೀವು ನೋಡೀರೇನ್ರಿ?"

ಮುಂದಿನ ಪುಟ ತೆಗೆಸುವ ಬದಲು ಪುಸ್ತಕ ಮುಚ್ಚಿಟ್ಟೆ.

"ನಾ ನೋಡಿಲ್ಲವ್ವಾ," ಎಂದೆ. "ನಮ್ಮ ಅತ್ತಿ ನೋಡ್ಯಾರ."

ತರಗತಿ ಹೋ ಎಂದು ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. "ಹಂಗಾರ ಅವರನ್ನ ಕರ್ಕೊಂಡ ಬರ್ರಿ ಸರ್" ಎಂದಳು.

ಕರೆದುಕೊಂಡು ಬಂದೆ. ಅತ್ತೆಯವರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲೊಂದು ಖಡಕ್ ರೊಟ್ಟಿ ಹಿಡಿದು ಬೋರ್ಡಿನ ಮುಂದೆ ನಿಂತರು. ನಾನು ಕೊನೆಯ ಬೆಂಚಿನಲ್ಲಿ ಕುಳಿತೆ. ಈ ಸಲ ಕನ್ನಡಕವನ್ನು ಮೊದಲೇ ಒರೆಸಿಕೊಂಡಿದ್ದೆ.