ಕ್ಯಾತಪ್ಪನ ಮೈಮೇಲೆ ಬಂದ ಅಮ್ಮ

ದೊಡ್ಡವ್ವ ಕೊಲ್ಲಾಪುರಮ್ಮ ತೀರಿಕೊಂಡ ಸುದ್ದಿ ಮೊಳಕಾಲ್ಮೂರಿನಿಂದ ಸಿದ್ದಾಪುರಕ್ಕೆ ಬಂದದ್ದು ಸೋಮವಾರ ಕೋಳಿ ಕೂಗುವ ಹೊತ್ತಿಗೆ. ಆಗ ಕ್ಯಾತಪ್ಪನು ಮೂರು ದಿನದ ಚಳಿಜ್ವರದಲ್ಲಿ ಎರಡು ಕಂಬಳಿ ಹೊದ್ದು, ಗಾಳಿಗೆ ಸಿಕ್ಕ ಅರಳಿ ಎಲೆಯಂತೆ ನಡುಗುತ್ತಿದ್ದನು.

ಹೆತ್ತ ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಈ ದೊಡ್ಡವ್ವ. ಆಕೆಗೆ ಮಕ್ಕಳಿರಲಿಲ್ಲ. "ಲೇ ಕ್ಯಾತ, ನನ್ ಗುಂಡಿಗೆ ಮೊದಲ್ನೇ ಹಿಡಿ ಮಣ್ಣು ನಿಂದೇ ಆಗ್ಬೇಕು ನೋಡು" ಎಂದು ಕಂಡಾಗಲೆಲ್ಲ ಹೇಳುತ್ತಿದ್ದಳು. ಹೊತ್ತು ಮುಳುಗುವವರೆಗೆ ಮಾತ್ರ ಕಾಯುತ್ತೇವೆ ಎಂದು ಸುದ್ದಿ ತಂದವನು ತಿಳಿಸಿ ಹೋದನು.

ಕ್ಯಾತಪ್ಪನು ಅಳುತ್ತಲೇ ಗೂಡಿಗೆ ಕೈಹಾಕಿ, ಹೆಂಡತಿಯ ಜ್ವರಕ್ಕೆಂದು ತಂದಿಟ್ಟಿದ್ದ ಕ್ವಿನೈನ್ ಪುಡಿಯ ಪೊಟ್ಟಣಗಳನ್ನು ತೆಗೆದನು. ಹೋದ ವರ್ಷ ಇದೇ ಪುಡಿ ನುಂಗಿ ಮೈಯೆಲ್ಲ ದದ್ದೆದ್ದು, ಅಂಗೈ ಚರ್ಮ ಸುಲಿದುಹೋಗಿತ್ತು. "ಈ ಔಷಧಿ ನಿನ್ನ ಮೈಗೆ ಆಗದು, ಮತ್ತೆ ಮುಟ್ಟಬೇಡ" ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ಜ್ವರ ಇಳಿಯದೆ ಬಂಡಿ ಹತ್ತುವುದು ಹೇಗೆ? ದೊಡ್ಡವ್ವನಿಗಿಂತ ಚರ್ಮ ಹೆಚ್ಚೇ? ಒಂದರ ಬದಲು ಎರಡು ಪೊಟ್ಟಣದ ಪುಡಿ ನುಂಗಿದನು.

ಜ್ವರ ಇಳಿಯಿತು. ದದ್ದು ಎದ್ದವು. ಅವನು ಹತ್ತಿದ ಬೊಮ್ಮಣ್ಣನ ಎತ್ತಿನ ಬಂಡಿ ಊರ ಬಾವಿ ತಲಪುವಷ್ಟರಲ್ಲಿ ಕ್ಯಾತಪ್ಪನ ಮುಖ ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗಿ, ತುಟಿ ಬದನೆಕಾಯಿಯಂತೆ ಊದಿತ್ತು. ನೀರು ಸೇದುತ್ತಿದ್ದ ರಂಗಕ್ಕ ಕೊಡ ಬಿಟ್ಟು ಕೆನ್ನೆ ಬಡಿದುಕೊಂಡಳು.

"ಅಯ್ಯೋ ನಮ್ಮವ್ವ! ಕ್ಯಾತಪ್ಪನ ಮೈಗೆ ಅಮ್ಮ ಬಂದಾಳೆ!"

"ಸಿಡುಬಲ್ಲ ರಂಗಕ್ಕ, ಪುಡಿ ನುಂಗಿದ್ದು ಮೈಗೆ ಒಗ್ಗಿಲ್ಲ."

"ಸುಮ್ಕಿರಪ್ಪ! ಅಮ್ಮನ್ನ ಪುಡಿ ಅಂದ್ರೆ ಕಣ್ಣು ಹೋಗ್ತಾವೆ!"

ಬೊಮ್ಮಣ್ಣ ಬಂಡಿಯಿಂದ ಧುಮುಕಿ ಎತ್ತು ಬಿಚ್ಚಿದನು. "ಕೈ ಮುಗೀತೀನಿ, ಇಳಿಯಪ್ಪ. ಅಮ್ಮನ್ನ ಊರೂರಿಗೆ ಹೊತ್ಕಂಡು ಹೋದ ಪಾಪ ನನಗ್ಯಾಕೆ?"

ಊರು ನೆರೆಯಿತು. ಕ್ಯಾತಪ್ಪನನ್ನು ಬೇವಿನ ಮರದ ಕೆಳಗೆ ಕೂರಿಸಿ, ಅರಿಸಿನದ ನೀರು ಸುರಿದರು. ಅವನು ಸಿಟ್ಟಿನಿಂದ, ಇನ್ನೂ ಚೂರು ಪುಡಿ ಅಂಟಿದ್ದ ಖಾಲಿ ಪೊಟ್ಟಣ ತೆಗೆದು ಮಾರಮ್ಮನ ಪೂಜಾರಿ ಯರ್ರಪ್ಪನ ಮುಂದೆ ಹಿಡಿದನು.

"ನೋಡ್ರಿ, ಇದೇ ಪುಡಿ! ನೀವೇ ನಾಲಿಗೆಗೆ ಹಚ್ಕಳ್ರಿ!"

ಯರ್ರಪ್ಪ ಹಚ್ಚಿಕೊಂಡನು. ಅವನ ಮುಖ ಹಿಂಡಿದಂತಾಯಿತು. "ಕಹಿ! ಬೇವಿನ ಕಹಿನೇ ಐತೆ! ಇನ್ನೇನ್ರಪ್ಪ ಸಾಕ್ಷಿ ಬೇಕು?"

ಜನ ಅಡ್ಡಬಿದ್ದರು. ಕ್ಯಾತಪ್ಪ ಹಣೆ ಚಚ್ಚಿಕೊಂಡನು. ಹೊತ್ತು ನೆತ್ತಿಗೆ ಬರುತ್ತಿತ್ತು, ದೊಡ್ಡವ್ವ ಅಲ್ಲಿ ಕಾಯುತ್ತಿದ್ದಳು. ಸತ್ಯ ಹೇಳಿ ಹೇಳಿ ಸೋತವನಿಗೆ ಒಂದು ಉಪಾಯ ಹೊಳೆಯಿತು. ತಪ್ಪು ಮನ್ನಿಸೆಂದು ಮನಸ್ಸಿನಲ್ಲೇ ಮಾರಮ್ಮನನ್ನು ಬೇಡಿಕೊಂಡು, ಕಣ್ಣು ಮೇಲಕ್ಕೆ ತಿರುಗಿಸಿ ಗುಡುಗಿದನು.

"ಹೂಂ! ನನ್ನನ್ನ ಮೊಳಕಾಲ್ಮೂರಿಗೆ ಕರ್ಕಂಡು ನಡೀರೋ! ಹೊತ್ತು ಮುಳುಗೋದ್ರೊಳಗೆ!"

ಎತ್ತು ಬಿಚ್ಚಿದ್ದ ಬೊಮ್ಮಣ್ಣನೇ ಮೊದಲು ಎತ್ತು ಕಟ್ಟಿದನು. "ಅಮ್ಮನೇ ನಡಿ ಅಂದ್ಮ್ಯಾಲೆ ನಂದೇನೂ ತಪ್ಪಿಲ್ಲ" ಎಂದನು. ಬಂಡಿಗೆ ಬೇವಿನ ಸೊಪ್ಪು ಕಟ್ಟಿದರು. ಮುಂದೆ ಉರುಮೆ ವಾದ್ಯದ ಬಡಿತ, ಹಿಂದೆ ಜನ. ದಾರಿಯ ಊರುಗಳಲ್ಲಿ ಕಾಯಿ ಒಡೆದರು. ಕ್ಯಾತಪ್ಪನಿಗೆ ಮೈಯೆಲ್ಲ ಬೆಂಕಿ ಇಟ್ಟಂತೆ ಉರಿ, ತುರಿಕೆ. ಒಮ್ಮೆ ಕೆರೆದುಕೊಂಡರೆ ಸಾಕು, "ತಾಯಿ ಕೈ ಆಡಿಸ್ತಾಳೆ!" ಎಂದು ಉರುಮೆ ಇನ್ನೂ ಜೋರಾಗುತ್ತಿತ್ತು. ಆದರೂ ಬಂಡಿ ಓಡುತ್ತಿತ್ತಲ್ಲ, ಅವನಿಗೆ ಅಷ್ಟೇ ಬೇಕಿತ್ತು.

ಹೊತ್ತು ಇನ್ನೂ ಒಂದು ಮಾರು ಮೇಲಿರುವಾಗಲೇ ಬಂಡಿ ದೊಡ್ಡವ್ವನ ಬೀದಿಗೆ ತಿರುಗಿತು. ಬಾಗಿಲಲ್ಲಿ ಚಟ್ಟ ಸಿದ್ಧವಾಗಿತ್ತು.

"ನಿಲ್ಸೋ ಬೊಮ್ಮಣ್ಣ! ನಿಲ್ಸೋ!"

ಯರ್ರಪ್ಪ ಚಟ್ಟವನ್ನು ಕಂಡು ಬೆಚ್ಚಿದನು. "ಹೊಡಿಯೋ ಎತ್ತ! ಸಾವಿನ ಮನೆ! ಅಮ್ಮಗೆ ಸೂತಕ ತಗಲೀತು!"

"ಸತ್ತೋಳು ನನ್ ದೊಡ್ಡವ್ವ ಕಣ್ರೀ!"

"ಕ್ಯಾತಪ್ಪಗೆ ದೊಡ್ಡವ್ವ ಸತ್ತಾಳೆ. ಅಮ್ಮಗೆ ಯಾರು ಸತ್ತಾರೆ? ಹೊಡಿಯೋ!"

"ನಾನು ಅಮ್ಮ ಅಲ್ರೀ! ಸುಳ್ಳು ಹೇಳ್ದೆ! ಪುಡೀರೀ ಅದು, ಪುಡಿ!"

"ಕೇಳಿದ್ರಾ? ತಾಯಿ ನಮ್ಮನ್ನ ಪರೀಕ್ಷೆ ಮಾಡ್ತಾಳೆ" ಎಂದು ಯರ್ರಪ್ಪ ಕಣ್ಣಿಗೆ ನೀರು ತಂದುಕೊಂಡನು. ಧುಮುಕಲು ಹೋದ ಕ್ಯಾತಪ್ಪನನ್ನು ನಾಲ್ವರು ಹಿಡಿದರು. ಭಕ್ತಿಯಿಂದಲೇ ಹಿಡಿದರು, ಆದರೆ ಬಹಳ ಬಿಗಿಯಾಗಿ.

ಊರಾಚೆಯ ಮಾರಮ್ಮನ ಕಟ್ಟೆಯ ಮೇಲೆ ಅವನನ್ನು ಇಳಿಸಿ ಸುತ್ತ ಕುಳಿತರು. ಅಲ್ಲಿಂದ ಮಸಣ ಕಾಣುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಚಟ್ಟ ಬಂತು. ಬೇಲಿಯ ಜಗಳದಲ್ಲಿ ಮೂವತ್ತು ವರ್ಷ ದೊಡ್ಡವ್ವನೊಡನೆ ಮಾತು ಬಿಟ್ಟಿದ್ದ ನೆರೆಮನೆಯ ತಿಪ್ಪಯ್ಯ, ಮಣ್ಣು ಹಾಕಲು ನಂಟರು ಬೇರೆ ಯಾರೂ ಇಲ್ಲದ್ದರಿಂದ, ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದನು. ಹಾಕಿ ಬಹಳ ಹೊತ್ತು ಅಲ್ಲೇ ಕುಳಿತು ಅತ್ತನು.

ಕ್ಯಾತಪ್ಪನಿಗೆ ಕೂಗಲು ಗಂಟಲು ಉಳಿದಿರಲಿಲ್ಲ. ತಿರುಗಿ ಕಲ್ಲಿನ ಮಾರಮ್ಮನ ಎದುರು ಊದಿದ ಕೈಗಳನ್ನು ಜೋಡಿಸಿದನು.

"ಉರುಮೆ ನಿಲ್ಸ್ರೋ," ಯರ್ರಪ್ಪ ಪಿಸುಗುಟ್ಟಿದನು, "ಅಮ್ಮ ಅಮ್ಮನ ಹತ್ರ ಮಾತಾಡ್ತಾಳೆ."

ಬೆಳಗಿನಿಂದ ಮೊದಲ ಸಲ ಸದ್ದಡಗಿತು.

"ತಾಯಿ ಮಾರಮ್ಮ, ನಿನ್ನ ಹೆಸರಲ್ಲಿ ಸುಳ್ಳಾಡಿದೋನು ನಾನು. ಈ ಮೈನ ಏನಾದ್ರೂ ಮಾಡ್ಕ. ನನ್ ದೊಡ್ಡವ್ವ ಬಾಳ ದಣಿದಾಳೆ. ಅವಳನ್ನ ನಿನ್ನ ಮಡಿಲಾಗೆ ತಣ್ಣಗೆ ಮಲಗಿಸ್ಕಳವ್ವ. ಆ ಜೀವಕ್ಕೆ ಶಾಂತಿ ಕೊಡವ್ವ."